ಹಂದಿ ತಿಂಡಿಯ ಖರ್ಚು: ನಮ್ಮ ಶೆಡ್ಡಿನ ಲೆಕ್ಕ

ಹಂದಿ ಸಾಕಣೆಯಲ್ಲಿ ಖರ್ಚಾಗುವ ಪ್ರತಿ ನೂರು ರೂಪಾಯಿಯಲ್ಲಿ ಎಪ್ಪತ್ತರ ಆಸುಪಾಸು ತಿಂಡಿಗೇ ಹೋಗುತ್ತದೆ. ಕುಶಾಲನಗರದ ಹತ್ತಿರದ ನಮ್ಮ ಶೆಡ್ಡಿನಲ್ಲಿ ನಾನು ಮೂಟೆಯ ರೇಟು ನೋಡಿ ತೀರ್ಮಾನ ಮಾಡುವುದಿಲ್ಲ. ಹಂದಿ ಒಂದು ಕಿಲೋ ತೂಕ ಏರಲು ಎಷ್ಟು ಖರ್ಚಾಯಿತು ಎಂದು ನೋಡುತ್ತೇನೆ. ಕಿಲೋಗೆ 30 ರೂಪಾಯಿಯ ತಿಂಡಿ ಮೂರು ಕಿಲೋ ತಿಂದು ಒಂದು ಕಿಲೋ ಬೆಳೆದರೆ 90 ರೂಪಾಯಿ. 26 ರೂಪಾಯಿಯ ಕಳಪೆ ತಿಂಡಿ ನಾಲ್ಕು ಕಿಲೋ ಬೇಕಾದರೆ 104. ಅಗ್ಗದ್ದೇ ದುಬಾರಿ ಆಯ್ತಲ್ವಾ?

ಬೆಳೆಯುವ ಹಂದಿಗೆ ನೂರು ಕಿಲೋ ಮಿಶ್ರಣ ಹೀಗೆ ಮಾಡುತ್ತೇನೆ: ಪುಡಿ ಮಾಡಿದ ಮುಸುಕಿನ ಜೋಳ 55 ಕಿಲೋ, ಸೋಯಾ ಹಿಂಡಿ 18, ತೌಡು ಮತ್ತು ಗೋಧಿ ಬೂಸಾ ಸೇರಿ 24.5, ಮಿನರಲ್ ಮಿಕ್ಸ್ಚರ್ 2, ಉಪ್ಪು ಅರ್ಧ ಕಿಲೋ. ಜೋಳವನ್ನು ಪಿರಿಯಾಪಟ್ಟಣ ಕಡೆ ಕೊಯ್ಲಿನ ಹೊತ್ತಿಗೇ ಕೊಳ್ಳುತ್ತೇನೆ. ಕೊಳ್ಳುವ ಮುಂಚೆ ಒಂದು ಕಾಳು ಕಚ್ಚಿ ನೋಡುತ್ತೇನೆ. ಕಟುಂ ಅಂದರೆ ಸರಿ, ಹಲ್ಲು ಮೆತ್ತಗೆ ಇಳಿದರೆ ಬೇಡ. ನಮ್ಮ ಮಳೆಗಾಲದಲ್ಲಿ ಹಸಿ ಜೋಳ ಬೇಗ ಬೂಷ್ಟು ಹಿಡಿಯುತ್ತದೆ, ಆ ವಿಷಕ್ಕೆ ಹಂದಿ ಸೊರಗುತ್ತದೆ. ಮೂಟೆಗಳನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ ಇಡುತ್ತೇನೆ.

ಹೋಂಸ್ಟೇ, ಹೋಟೆಲ್‌ಗಳ ಮುಸುರೆ ನಿಜವಾಗಿಯೂ ಖರ್ಚು ಇಳಿಸುತ್ತದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ನೀರೇ. ಐದು ಕಿಲೋ ಮುಸುರೆ ಹಾಕಿದರೆ ಹಂದಿಗೆ ಸಿಗುವುದು ಒಂದೂಕಾಲು ಕಿಲೋ ಒಣ ತಿಂಡಿಯಷ್ಟೇ. ಮೇಲಾಗಿ ಅನ್ನವೇ ಜಾಸ್ತಿ. ಬರೀ ಅದನ್ನೇ ಹಾಕಿದರೆ ಕೊಬ್ಬು ಕಟ್ಟುತ್ತದೆ, ಮಾಂಸ ಬರುವುದಿಲ್ಲ, ಕೊಳ್ಳುವವರು ರೇಟು ಕಡಿಮೆ ಮಾಡುತ್ತಾರೆ. ಅದಕ್ಕೇ ಮುಸುರೆ ಕೊಟ್ಟರೂ ದಿನದ ಅರ್ಧ ತಿಂಡಿ ಮಿಶ್ರಣದ್ದೇ ಇರಬೇಕು. ಉಪ್ಪಿನಕಾಯಿ ಜಾಸ್ತಿ ಕಂಡರೆ ತೆಗೆದುಬಿಡಿ, ಕುಡಿಯುವ ನೀರು ಯಾವಾಗಲೂ ಇರಲಿ. ಉಪ್ಪು ಏರಿ ನೀರು ಸಿಗದಿದ್ದರೆ ಹಂದಿ ಸಾಯುತ್ತದೆ.

ಮುಸುರೆಯನ್ನು ಹಸಿಯಾಗಿ ಹಾಕಲೇಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ ಕಡೆ ಕಾಣಿಸಿತು, 2022ರಲ್ಲಿ ನಮ್ಮ ಪಕ್ಕದ ವಯನಾಡಿಗೇ ಬಂತು. ಬಂದರೆ ಔಷಧಿ ಇಲ್ಲ, ಶೆಡ್ಡೇ ಖಾಲಿ. ಈ ರೋಗ ಮಾಂಸದ ಚೂರಿನಿಂದಲೂ ಹರಡುತ್ತದೆ, ಅದಕ್ಕೇ ಹಂದಿ ಮಾಂಸದ ಚೂರು ಇರುವ ಮುಸುರೆ ನಾನು ತೆಗೆದುಕೊಳ್ಳುವುದೇ ಇಲ್ಲ. ಉಳಿದದ್ದನ್ನು ದೊಡ್ಡ ಹಂಡೆಯಲ್ಲಿ, ಕುದಿ ಬಂದ ಮೇಲೂ ಅರ್ಧ ಗಂಟೆಗೆ ಕಡಿಮೆ ಇಲ್ಲದಂತೆ, ತಳದಿಂದ ಕಲಕುತ್ತಾ ಬೇಯಿಸುತ್ತೇವೆ. ಸೌದೆಗೆ ತೋಟದ ಕಾಫಿ ಗಿಡಗಳಿಂದ ಸವರಿ ತೆಗೆದ ರೆಂಬೆ ಸಾಕು.

ಜಂತುಹುಳು ಇದ್ದರೆ ತಿಂಡಿಯಲ್ಲಿ ಒಂದು ಪಾಲು ಹುಳುವಿಗೇ. ಮರಿ ತಂದಾಗಲೇ ಔಷಧಿ ಹಾಕಿಸಿ, ಮುಂದೆ ಯಾವಾಗ ಎಂದು ಪಶುವೈದ್ಯರನ್ನೇ ಕೇಳಿ.

ತೂಕದ ಯಂತ್ರ ಇಲ್ಲದವರಿಗೆ ಟೇಪು ಸಾಕು. ಮುಂಗಾಲ ಹಿಂದಿನ ಎದೆ ಸುತ್ತಳತೆಯನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ. ಅದನ್ನು ಕಿವಿಗಳ ನಡುವಿನಿಂದ ಬಾಲದ ಬುಡದವರೆಗಿನ ಉದ್ದದಿಂದ, ಮತ್ತೆ 69.3ರಿಂದ ಗುಣಿಸಿ. ಸುತ್ತು 1 ಮೀಟರ್, ಉದ್ದ 1.1 ಇದ್ದರೆ ಸುಮಾರು 76 ಕಿಲೋ.

ನೂರು ಕಿಲೋ ದಾಟಿದ ಮೇಲೆ ತಿಂದದ್ದು ಹೆಚ್ಚಾಗಿ ಕೊಬ್ಬಿಗೆ ಹೋಗುತ್ತದೆ. ಒಳ್ಳೆ ರೇಟಿಗಾಗಿ ಬೆಳೆದ ಹಂದಿಯನ್ನು ಸುಮ್ನೆ ಕಟ್ಟಿಕೊಂಡು ಕಾಯುವುದು ನಷ್ಟ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ, ಅಂದರೆ ಸೆಪ್ಟೆಂಬರ್ ಶುರುವಿಗೆ, ಕೊಡಗಿನಲ್ಲಿ ಹಂದಿಗೆ ಬೇಡಿಕೆ ಏರುತ್ತದೆ. ಅದಕ್ಕೆ ಸರಿಯಾಗಿ ಬರಲಿ ಎಂದು ಎರಡು ತಿಂಗಳ ಮರಿಗಳನ್ನು ಮಾರ್ಚಿನಲ್ಲೇ ತಂದು ಬಿಡುತ್ತೇನೆ.