ರೆಕ್ಕೆಯ ಮೊಗ್ಗಿಗೆ ಕಸಿ ಮಾಡಿ ಕಂಡದ್ದು

ಕೋಳಿ ಭ್ರೂಣದ ರೆಕ್ಕೆಯ ಮೊಗ್ಗಿಗೆ ಇನ್ನೊಂದು ಭ್ರೂಣದ ಚೂರನ್ನು ಕಸಿ ಮಾಡುವ ಕೆಲಸಕ್ಕೆ ಅಂಗಡಿ ಮೊಟ್ಟೆ ಆಗುವುದಿಲ್ಲ. ಫಾರಂ ಮೊಟ್ಟೆ ಹುಂಜವಿಲ್ಲದ ಹಿಂಡಿನದು, ಒಳಗೆ ಭ್ರೂಣವೇ ಇರುವುದಿಲ್ಲ. ಮರಿ ಮಾಡಿಸುವ ಹ್ಯಾಚರಿಯಿಂದಲೇ ತರಬೇಕು. ತಂದದ್ದನ್ನು ಅಡ್ಡ ಮಲಗಿಸಿ, 38 ಡಿಗ್ರಿ ಸೆಲ್ಸಿಯಸ್ ಕಾವಿಗೆ ಇಡುತ್ತೇನೆ. ಮೂರೂವರೆ ದಿನದ ಹೊತ್ತಿಗೆ ಭ್ರೂಣದ ಎರಡೂ ಪಕ್ಕದಲ್ಲಿ ಪುಟ್ಟ ಉಬ್ಬುಗಳು ಎದ್ದಿರುತ್ತವೆ. ಮುಂದಿನ ಜೋಡಿ ರೆಕ್ಕೆಯ ಮೊಗ್ಗು, ಹಿಂದಿನ ಜೋಡಿ ಕಾಲಿನದು. ಆಗಿನ್ನೂ ಮೂಳೆಯಿಲ್ಲ, ಬೆರಳಿನ ಸುಳಿವೂ ಇಲ್ಲ. ನೋಟಕ್ಕೆ ಎಲ್ಲಾ ಒಂದೇ ತೆರನಾದ ಜೀವಕೋಶಗಳು. ಇಷ್ಟರಿಂದ ಯಾವ ಬೆರಳು ಎಲ್ಲಿ ಮೂಡಬೇಕು ಎಂಬುದು ಹೇಗೆ ಗೊತ್ತಾಗುತ್ತದೆ? ಉತ್ತರ ಓದಿ ತಿಳಿದಿತ್ತು. ಮನಸ್ಸಿಗೆ ಇಳಿದದ್ದು ಕೈಯಾರೆ ಕಸಿ ಮಾಡಿದ ಮೇಲೆ.

ಮೊಟ್ಟೆಯ ದಪ್ಪ ತುದಿಯಲ್ಲಿ ತೂತು ಕೊರೆದು, ಸಿರಿಂಜಿನಿಂದ ಎರಡು ಮೂರು ಮಿಲಿಲೀಟರ್ ಬಿಳಿ ಲೋಳೆ ಎಳೆದರೆ ಹಳದಿ ಕೆಳಗಿಳಿದು ಭ್ರೂಣ ಚಿಪ್ಪಿನಿಂದ ದೂರವಾಗುತ್ತದೆ. ಮೇಲ್ಭಾಗಕ್ಕೆ ಸೆಲೋಟೇಪ್ ಅಂಟಿಸಿಯೇ ಕಿಟಕಿ ಕತ್ತರಿಸಬೇಕು, ಇಲ್ಲದಿದ್ದರೆ ಚಿಪ್ಪಿನ ಚೂರು ಒಳಗೆ ಉದುರುತ್ತದೆ. ಈ ವಯಸ್ಸಿನ ಭ್ರೂಣ ಎಡಮಗ್ಗುಲಾಗಿ ಹೊರಳಿರುತ್ತದೆ. ಹಾಗಾಗಿ ಕಸಿ ಯಾವಾಗಲೂ ಮೇಲೆ ಕಾಣುವ ಬಲರೆಕ್ಕೆಗೆ. ಎಡರೆಕ್ಕೆ ಹೋಲಿಕೆಗೆ ಉಳಿಯುತ್ತದೆ. ದಿನದ ಲೆಕ್ಕ ನಂಬುವಂತಿಲ್ಲ, ಕಾವು ತುಸು ಹೆಚ್ಚು ಕಡಿಮೆಯಾದರೂ ಬೆಳವಣಿಗೆ ಹಿಂದೆಮುಂದೆ ಆಗುತ್ತದೆ. ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಕೊಟ್ಟ ಹಂತಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಮೊಗ್ಗಿನ ಆಕಾರ ನೋಡಿ, 20ನೇ ಹಂತದ ಆಸುಪಾಸಿನವನ್ನೇ ಆರಿಸುತ್ತೇನೆ.

ಇನ್ನೊಂದು ಮೊಟ್ಟೆಯಿಂದ ಅದೇ ಹಂತದ ಭ್ರೂಣವನ್ನು ಹೊರತೆಗೆದು, ಅದರ ರೆಕ್ಕೆ ಮೊಗ್ಗಿನ ಹಿಂದಿನ ಅಂಚನ್ನು, ಅಂದರೆ ಬಾಲದ ಕಡೆಯ ಅಂಚನ್ನು, ಹರಿತ ಮಾಡಿದ ಟಂಗ್‌ಸ್ಟನ್ ಸೂಜಿಯಿಂದ ಕತ್ತರಿಸಬೇಕು. ಸಾಸಿವೆ ಕಾಳಿಗಿಂತ ಬಹಳ ಸಣ್ಣ ಚೂರು ಅದು. ಮೊಗ್ಗಿನ ತುದಿಯುದ್ದಕ್ಕೂ ಹೊರಪದರ ದಪ್ಪಗಾಗಿ ಎದ್ದ ಒಂದು ಏಣು ಇರುತ್ತದೆ. ಕಸಿ ಪಡೆಯುವ ಮೊಗ್ಗಿನಲ್ಲಿ ಮುಂದಿನ ಅಂಚಿನ ಏಣನ್ನು ಚೂರೇ ಎಬ್ಬಿಸಿ, ಅದರಡಿಗೆ ಈ ಚೂರನ್ನು ಸೇರಿಸಬೇಕು. ಏಣಿಗೆ ತಾಗಿಕೊಂಡಂತೆ ಕೂರಿಸುವುದರಲ್ಲೇ ಇಡೀ ಕೆಲಸ ಇದೆ. ಜರುಗದಂತೆ ಪ್ಲಾಟಿನಂ ತಂತಿಯ ಚಿಕ್ಕ ಪಿನ್ ಚುಚ್ಚಿ, ಕಿಟಕಿಗೆ ಟೇಪ್ ಹಾಕಿ ಮತ್ತೆ ಕಾವಿಗಿಡುತ್ತೇನೆ. ಮರಿಯಾಗಲು 21 ದಿನ ಬೇಕು. ನಾವು ಹತ್ತನೇ ದಿನಕ್ಕೇ ನಿಲ್ಲಿಸಿ, ರೆಕ್ಕೆಗೆ ಆಲ್ಸಿಯನ್ ಬ್ಲೂ ಬಣ್ಣ ಕೊಟ್ಟು ಮೀಥೈಲ್ ಸ್ಯಾಲಿಸಿಲೇಟಿನಲ್ಲಿ ಇಡುತ್ತೇವೆ. ನೋವಿನ ಮುಲಾಮಿನಲ್ಲಿರುವ ಎಣ್ಣೆಯೇ ಅದು. ಮಾಂಸ ಪಾರದರ್ಶಕವಾಗಿ, ಮೃದ್ವಸ್ಥಿ ಮಾತ್ರ ನೀಲಿಯಾಗಿ ಕಾಣುತ್ತದೆ.

ಕೋಳಿಯ ರೆಕ್ಕೆಗೆ ಮೂರೇ ಬೆರಳು. ರೂಢಿಯಲ್ಲಿ ಅವನ್ನು 2, 3, 4 ಎನ್ನುತ್ತೇವೆ. ಕಸಿ ಹಿಡಿದ ರೆಕ್ಕೆಯಲ್ಲಿ ಕಂಡದ್ದು 4, 3, 2, 2, 3, 4. ಕನ್ನಡಿ ಹಿಡಿದಂಥ ಜೋಡಿ! ಆ ಹೆಚ್ಚಿನ ಬೆರಳುಗಳು ಕಸಿಯ ಚೂರಿನಿಂದ ಬೆಳೆದವಲ್ಲ, ಅಲ್ಲೇ ಇದ್ದ ಜೀವಕೋಶಗಳು ಹೊಸ ಸೂಚನೆ ಕೇಳಿ ಕಟ್ಟಿದವು. ಸಾಂಡರ್ಸ್ ಮತ್ತು ಗ್ಯಾಸೆಲಿಂಗ್ 1968ರಲ್ಲಿ ವರದಿ ಮಾಡಿದ ಪ್ರಯೋಗ ಇದು. ಆ ಸೂಚನೆ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನ್ ಎಂದು ತಿಳಿದದ್ದು 1993ರಲ್ಲಿ. ಕಸಿಯಲ್ಲಿ ಜೀವಕೋಶ ತೀರಾ ಕಡಿಮೆಯಾದರೆ 2ನೇ ಬೆರಳು ಮಾತ್ರ ಹೆಚ್ಚುವರಿಯಾಗಿ ಬರುತ್ತದೆ, 4ನೆಯದು ಬರಬೇಕಾದರೆ ಹೆಚ್ಚು ಬೇಕು. ನನಗೆ ಇಂದಿಗೂ ಮೈ ಜುಮ್ಮೆನ್ನಿಸುವುದು ಇನ್ನೊಂದು ಸಂಗತಿ: ಇಲಿಯ ಮೊಗ್ಗಿನ ಹಿಂದಿನ ಅಂಚನ್ನು ತಂದಿಟ್ಟರೂ ಕೋಳಿ ಮೊಗ್ಗು ಆ ಸೂಚನೆಯನ್ನು ಪಾಲಿಸುತ್ತದೆ, ಆದರೆ ಕಟ್ಟುವುದು ಕೋಳಿ ಬೆರಳನ್ನೇ.

ಏಣಿನ ಕತೆ ಬೇರೆ. ಅದನ್ನು ಬೇಗ ಕಿತ್ತರೆ ರೆಕ್ಕೆ ಭುಜದ ಹತ್ತಿರವೇ ನಿಲ್ಲುತ್ತದೆ, ತಡವಾಗಿ ಕಿತ್ತರೆ ತುದಿಯಷ್ಟೇ ಇಲ್ಲವಾಗುತ್ತದೆ. ಸಾಂಡರ್ಸ್ 1948ರಲ್ಲೇ ತೋರಿಸಿದ್ದು. ಏಣಿನ ಬದಲು, ಅದು ಸ್ರವಿಸುವ ಎಫ್‌ಜಿಎಫ್ ಎಂಬ ಪ್ರೋಟೀನಿನಲ್ಲಿ ನೆನೆಸಿದ ಮಣಿ ಇಟ್ಟರೂ ಬೆಳವಣಿಗೆ ಮುಂದುವರಿಯುತ್ತದೆ.

ಮನುಷ್ಯ ಭ್ರೂಣದಲ್ಲಿ ಕೈಯ ಮೊಗ್ಗು ನಾಲ್ಕನೇ ವಾರದಲ್ಲಿ ಏಳುತ್ತದೆ, ಎಂಟನೇ ವಾರ ಮುಗಿಯುವಷ್ಟರಲ್ಲಿ ಬೆರಳುಗಳು ಬಿಡಿಯಾಗಿರುತ್ತವೆ. ಬಸುರಿಗೆ ಸುದ್ದಿ ತಡವಾಗಿ ತಿಳಿದರೆ ಅಷ್ಟರಲ್ಲಿ ಬಹುಪಾಲು ಕೆಲಸ ನಡೆದೇ ಇರುತ್ತದೆ. 1957ರಿಂದ 1961ರವರೆಗೆ ಜರ್ಮನಿಯಲ್ಲಿ ಮಾರಾಟವಾದ ಥಾಲಿಡೊಮೈಡ್ ಮಾತ್ರೆ ಅಷ್ಟೊಂದು ಮಕ್ಕಳ ಕೈಕಾಲು ಕಸಿದದ್ದು ಈ ಚಿಕ್ಕ ಅವಧಿಯಲ್ಲೇ. ನಮ್ಮ ಕಡೆ ಆರು ಬೆರಳಿನ ಮಗು ಹುಟ್ಟಿದರೆ, ಗ್ರಹಣದಲ್ಲಿ ತರಕಾರಿ ಹೆಚ್ಚಿದಳು ಎಂದು ಸೊಸೆಯನ್ನು ದೂರುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಹೆಬ್ಬೆರಳ ಕಡೆ ಹೆಚ್ಚಿನ ಬೆರಳು ಮೂಡುವ ಕೆಲವು ಕುಟುಂಬಗಳಲ್ಲಿ ಕಾರಣ ಗೊತ್ತಾಗಿದೆ. ಸಾನಿಕ್ ಹೆಡ್ಜ್‌ಹಾಗ್ ಜೀನಿನಿಂದ ಸುಮಾರು ಹತ್ತು ಲಕ್ಷ ಅಕ್ಷರ ದೂರದ ಡಿಎನ್‌ಎ ಸ್ವಿಚ್ಚಿನಲ್ಲಿ ಒಂದೇ ಅಕ್ಷರ ಬದಲಾದರೂ ಸಾಕು, ಆ ಪ್ರೋಟೀನ್ ಮೊಗ್ಗಿನ ಮುಂದಿನ ಅಂಚಿನಲ್ಲೂ, ಅಂದರೆ ಹೆಬ್ಬೆರಳ ಕಡೆಯಲ್ಲೂ, ತಯಾರಾಗುತ್ತದೆ. ನಾನು ಸೂಜಿ ಹಿಡಿದು ಮೊಟ್ಟೆಯೊಳಗೆ ಮಾಡಿದ್ದೂ ಅದನ್ನೇ, ಆ ಸೂಚನೆಯನ್ನು ಇರಬಾರದ ಅಂಚಿಗೆ ತಂದಿಟ್ಟದ್ದು.

ಹೊಸದಾಗಿ ಕಲಿಯಲು ಬಂದವರಿಗೆ ಮಾತ್ರ ನಾನು ಮೊದಲು ಮುಂದಿನ ಅಂಚಿನ ಚೂರನ್ನೇ ಮುಂದಿನ ಅಂಚಿಗೆ ಕಸಿ ಮಾಡಲು ಹೇಳುತ್ತೇನೆ. ಅದರಿಂದ ಹೆಚ್ಚಿನ ಬೆರಳು ಬರುವುದಿಲ್ಲ. ಮೂರೇ ಬೆರಳಿನ ಅಂಥ ರೆಕ್ಕೆಗಳು ಪಕ್ಕದಲ್ಲಿದ್ದರೆ ಮಾತ್ರ, ಆರು ಬೆರಳು ಬಂದದ್ದು ಗಾಯದಿಂದಲ್ಲ ಎಂದು ಹೇಳಲು ಬರುತ್ತದೆ.