ರೊಟ್ಟಿ ತಿನ್ನುವಾಗ ಬರೀ ರೊಟ್ಟಿ ತಿನ್ನಿ

ಎಲ್ಲರಿಗೂ ಶರಣು. ಕಲಬುರಗಿ ಬಿಸಿಲಿಗೆ ಹಗಲು ತಲೆ ಕಾಯುವುದು ಹೊಸದೇನಲ್ಲ. ನನಗೆ ರಾತ್ರಿಯೂ ಕಾಯುತ್ತಿತ್ತು. ಸಾಲದ ಕಂತು, ನಾಳೆಯ ಕೆಲಸ, ಯಾರೋ ಅಂದ ಮಾತು, ಎಲ್ಲಾ ಹಾಸಿಗೆಗೇ ಬರುತ್ತಿದ್ದವು.

ಅದಕ್ಕೆ ಈಗ ಮಾಡುವುದು ಇಷ್ಟೇ: ಮೈಂಡ್‌ಫುಲ್‌ನೆಸ್, ಅಂದರೆ ಮಾಡುತ್ತಿರುವ ಕೆಲಸದ ಮೇಲೇ ಗಮನ ಇಡುವುದು. ಊಟದ ಮೊದಲ ನಾಲ್ಕು ತುತ್ತು ಮೊಬೈಲ್ ಇಲ್ಲದೆ. ಖಡಕ್ ರೊಟ್ಟಿ ಮುರಿಯುವ ಸದ್ದು ಕೇಳುತ್ತೇನೆ. ಶೇಂಗಾ ಹಿಂಡಿಯ ಖಾರ ನಾಲಿಗೆಗೆ ಹೇಗೆ ಏರುತ್ತದೆ ನೋಡುತ್ತೇನೆ. ಮನಸ್ಸು ಓಡುತ್ತದೆ, ಓಡಲಿ. ಬೈಯದೆ ಮತ್ತೆ ರೊಟ್ಟಿಗೆ ಕರೆತನ್ನಿ. ಹಾಗೆ ಕರೆತರುವುದೇ ಅಭ್ಯಾಸ, ತಲೆ ಖಾಲಿ ಮಾಡುವುದಲ್ಲ. 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಜಿನ್ ಶುರು ಮಾಡಿದ ಇದೇ ಅಭ್ಯಾಸದ 8 ವಾರಗಳ ತರಬೇತಿಯಲ್ಲಿ ಒಂದೇ ಒಣದ್ರಾಕ್ಷಿಯನ್ನು ಹೀಗೆ ತಿನ್ನಿಸುತ್ತಾರೆ. ನಮಗೆ ರೊಟ್ಟಿ ಸಾಕು, ಅಲ್ವಾ?

ಒತ್ತಡ, ಆತಂಕ ಇಳಿಯಲು ಇದು ನೆರವಾಗುತ್ತದೆ. ಆದರೆ ಸುಮ್ನೆ ಕೂತಾಗ ಹಳೆಯ ನೋವು ಜಾಸ್ತಿಯಾದರೆ ಅಲ್ಲಿಗೇ ನಿಲ್ಲಿಸಿ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ರೊಟ್ಟಿ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.