ಹಳೆಯ ‘ಮಾರಿಯೊ ಪಾರ್ಟಿ’ ಕೊಳ್ಳುವ ಮುನ್ನ ಏನೇನು ನೋಡಬೇಕು?

ನಾಲ್ವರು ಒಂದೇ ಟಿ.ವಿ.ಯ ಮುಂದೆ ಕುಳಿತು ಆಡುವ ವಿಡಿಯೊ ಆಟ ‘ಮಾರಿಯೊ ಪಾರ್ಟಿ’ಯನ್ನು ಜಪಾನಿನ ಹಡ್ಸನ್ ಸಾಫ್ಟ್ ಕಂಪನಿ ನಿಂಟೆಂಡೊ 64 ಯಂತ್ರಕ್ಕಾಗಿ ರೂಪಿಸಿತು. ಜಪಾನಿನಲ್ಲಿ 1998ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ 1999ರ ಆರಂಭದಲ್ಲಿ ಅದು ಮಾರುಕಟ್ಟೆಗೆ ಬಂತು. ದಾಳ ಉರುಳಿಸಿ ಮನೆಯಿಂದ ಮನೆಗೆ ಸಾಗುವುದು, ಸುತ್ತಿನ ಕೊನೆಗೆ ಒಂದು ಕಿರು ಆಟದಲ್ಲಿ ಸೆಣಸಿ ನಾಣ್ಯ ಗಳಿಸುವುದು, 20 ನಾಣ್ಯ ಕೊಟ್ಟು ನಕ್ಷತ್ರ ಕೊಳ್ಳುವುದು ಇದರ ಕ್ರಮ. ಚೌಕಾಬಾರ ಆಡಿ ಬೆಳೆದವರಿಗೆ ಅದರ ಲಯ ಬೇಗನೆ ಕೈಹತ್ತುತ್ತದೆ.

ಕೆಲವು ಕಿರು ಆಟಗಳಲ್ಲಿ, ಮುಖ್ಯವಾಗಿ ಹಗ್ಗಜಗ್ಗಾಟದಲ್ಲಿ, ಕಂಟ್ರೋಲರಿನ ಅನಲಾಗ್ ಸ್ಟಿಕ್ಕನ್ನು (ಹೆಬ್ಬೆರಳಿನಿಂದ ಎತ್ತ ಬೇಕಾದರೂ ವಾಲಿಸುವ ಸಣ್ಣ ಕಡ್ಡಿ) ಗಿರಗಿರನೆ ತಿರುಗಿಸಬೇಕಿತ್ತು. ಮಕ್ಕಳು ಅಂಗೈಯಿಂದ ಒತ್ತಿ ತಿರುಗಿಸಿ ಚರ್ಮದಲ್ಲಿ ಗುಳ್ಳೆ ಎಬ್ಬಿಸಿಕೊಂಡರು. ದೂರು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯವರೆಗೆ ಹೋಗಿ, 2000ದಲ್ಲಿ ಆದ ಒಪ್ಪಂದದಂತೆ ನಿಂಟೆಂಡೊ ಆಟಗಾರರಿಗೆ ಕೈಗವಸು ಒದಗಿಸಲು ಒಪ್ಪಿತು. ಈ ಮೊದಲ ಆಟ 2022ರ ನವೆಂಬರ್‌ನಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರದ ಆನ್‌ಲೈನ್ ಸೇವೆಗೆ ಸೇರುವವರೆಗೂ ಮರುಬಿಡುಗಡೆ ಕಂಡಿರಲಿಲ್ಲ. ಅಲ್ಲಿಯವರೆಗೆ ಅಧಿಕೃತವಾಗಿ ಆಡಲು ಹಳೆಯ ಕಾರ್ಟ್ರಿಜ್ (ಯಂತ್ರಕ್ಕೆ ತೂರಿಸುವ, ಆಟ ತುಂಬಿದ ಪ್ಲಾಸ್ಟಿಕ್ ಬಿಲ್ಲೆ) ಒಂದೇ ದಾರಿಯಾಗಿದ್ದುದರಿಂದ ಅದಕ್ಕೆ ಬೇಡಿಕೆ ಉಳಿಯಿತು, ಬೇಡಿಕೆಯ ಬೆನ್ನಿಗೆ ನಕಲಿಗಳೂ ಬಂದವು.

ಮೊದಲು ಯಾವ ದೇಶದ ಆವೃತ್ತಿ ಬೇಕೆಂದು ತೀರ್ಮಾನಿಸಿ. ಯುರೋಪಿನ ಕಾರ್ಟ್ರಿಜ್ ಅಮೆರಿಕದ ಯಂತ್ರದಲ್ಲಿ ನಡೆಯುವುದಿಲ್ಲ. ಜಪಾನಿನದು ಹಿಂಬದಿಯ ಕಚ್ಚುಗಳ ವ್ಯತ್ಯಾಸದಿಂದಾಗಿ ಅದರೊಳಗೆ ಕೂರುವುದೇ ಇಲ್ಲ. ಅಮೆರಿಕದಿಂದ ಯಂತ್ರ ತರಿಸುವವರು ಅದರ ಅಡಾಪ್ಟರ್ 120 ವೋಲ್ಟಿನದೆಂಬುದನ್ನು ಮರೆಯಬಾರದು. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಅದು ಸುಟ್ಟುಹೋಗುತ್ತದೆ, ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಅನಂತರ ಅಸಲಿತನ. ಲೇಬಲ್ಲಿನ ಮುದ್ರಣ ಮಸುಕಾಗಿದ್ದರೆ, ಬಣ್ಣ ಕದಡಿದಂತಿದ್ದರೆ ಅನುಮಾನಿಸಿ. ಮಾರುವವರು ಒಪ್ಪಿದರೆ ಇಂಥ ಕಾರ್ಟ್ರಿಜ್‌ಗಳ ವಿಶೇಷ ಸ್ಕ್ರೂ ಬಿಚ್ಚುವ 3.8 ಮಿ.ಮೀ. ಗೇಮ್‌ಬಿಟ್ ಸ್ಕ್ರೂಡ್ರೈವರಿನಿಂದ ಕವಚ ತೆಗೆದು ನೋಡುವುದೇ ನೆಚ್ಚಬಹುದಾದ ಪರೀಕ್ಷೆ. ಅಸಲಿ ಬೋರ್ಡಿನ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರುತ್ತದೆ. ಈ ಆಟ ಅಂಕಗಳನ್ನು ಬ್ಯಾಟರಿಯಿಲ್ಲದೆಯೂ ಮಾಹಿತಿ ಕಾಯ್ದಿಡುವ ಇಇಪ್ರಾಮ್ (EEPROM) ಚಿಪ್‌ನಲ್ಲಿ ಉಳಿಸಿಕೊಳ್ಳುತ್ತದೆ, ಆದ್ದರಿಂದ ಒಳಗೆ ಬ್ಯಾಟರಿ ಕಂಡರೆ ಆ ಕಾರ್ಟ್ರಿಜ್ ಕೊಳ್ಳಬೇಡಿ.

ಕಂಟ್ರೋಲರುಗಳ ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಈ ಆಟ ತನ್ನ ಗುರುತು ಉಳಿಸಿರುವುದು ಅಲ್ಲಿಯೇ. ಸ್ಟಿಕ್ಕಿನ ಬುಡದಲ್ಲಿ ಸಣ್ಣ ಬಿಳಿ ಪುಡಿ ಕಂಡರೆ ಅದು ಧೂಳಲ್ಲ, ಉಜ್ಜಿ ಉಜ್ಜಿ ಸವೆದ ಪ್ಲಾಸ್ಟಿಕ್. ಬೆರಳಿನಿಂದ ಮೆಲ್ಲಗೆ ತಳ್ಳಿ ಬಿಡಿ: ನಟ್ಟನಡುವೆ ಮರಳದೆ ಒಂದು ಕಡೆಗೆ ವಾಲಿ ನಿಂತರೆ ಬೆಲೆ ಇಳಿಸಲು ಕೇಳುವುದು ನ್ಯಾಯವೇ. ಆಡುವ ಉದ್ದೇಶವಿದ್ದರೆ ಬದಲಿ ಸ್ಟಿಕ್ಕಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ರಟ್ಟಿನ ಪೆಟ್ಟಿಗೆ ಮತ್ತು ಕೈಪಿಡಿಯಿರುವ ಪ್ರತಿಗೆ ಬರೀ ಕಾರ್ಟ್ರಿಜ್‌ಗಿಂತ ಬಹಳ ಹೆಚ್ಚು ಬೆಲೆ; ಪೆಟ್ಟಿಗೆಯನ್ನು ಹರಿದು ಎಸೆದ ಮನೆಗಳೇ ಹೆಚ್ಚು. ಆಡುವುದಷ್ಟೇ ಗುರಿಯಾದವರು ಪೆಟ್ಟಿಗೆಗೆ ಹಣ ಸುರಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ತಂದ ಮೇಲೆ ಕಾರ್ಟ್ರಿಜ್‌ನ ಬಾಯಿಗೆ ಉಫ್ ಎಂದು ಊದಬೇಡಿ, ಉಸಿರಿನ ತೇವ ಲೋಹಕ್ಕೆ ಒಳ್ಳೆಯದಲ್ಲ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಲು ಬಿಡಿ. ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಪೊಟ್ಟಣವನ್ನು ಆಗಾಗ ಬದಲಿಸಬೇಕು.